ಹೂಳಿದವನ ಕೂಲಿ

"ಸುಳ್ಳು ಹೇಳಿದ್ರೆ ಜೈಲಿಗೆ ಹಾಕ್ತೀನಿ, ತಿಳೀತಾ?" ಎಂದರು ನ್ಯಾಯಾಧೀಶ ಗಾರ್ನ್ಯೆ.

ಕಟಕಟೆಯಲ್ಲಿದ್ದ ಸಿಪಾಯಿ ತಲೆಯಾಡಿಸಿದ. ಹಿಮ ಅವನ ಮೂಗು ತಿಂದಿತ್ತು, ಸಿಡಿಮದ್ದಿನ ಬೆಂಕಿ ಉಳಿದ ಮುಖವನ್ನೂ ದನಿಯನ್ನೂ ಸುಟ್ಟಿತ್ತು. ಜೂನ್ ಸೆಕೆಯಲ್ಲೂ ಕಿವಿ ಮುಚ್ಚುವ ಉಣ್ಣೆ ಟೋಪಿ. ಆ ಮುಖ ಕಂಡೇ ಸಾಕಾಗಿದ್ದ ಕೋರ್ಟಿನ ಜವಾನ ಟೋಪಿ ತೆಗೆ ಎನ್ನಲಿಲ್ಲ. ಹೆಸರು ಬ್ರುಲೆಯಂತೆ. ನಿನ್ನೆಯಷ್ಟೇ ಊರಿಗೆ ಬಂದವನು ಹೆಂಡದಂಗಡಿಯಲ್ಲಿ ಕ್ಲೊದಿನ್‌ಳ ಸಂಕಟ ಕೇಳಿ ತಾನಾಗಿ ಸಾಕ್ಷಿಗೆ ನಿಂತಿದ್ದ.

ಅವಳ ಗಂಡ ಆಂತೆಲ್ಮ್ ಐದು ವರ್ಷದ ಹಿಂದೆ ಚಕ್ರವರ್ತಿಯ ದಂಡಿನೊಂದಿಗೆ ರಷ್ಯಾಕ್ಕೆ ಹೋದವನು ಮರಳಲಿಲ್ಲ. ಸತ್ತದ್ದಕ್ಕೆ ಸಾಕ್ಷಿಯಿಲ್ಲದೆ ಅವಳು ಮರುಮದುವೆಯಾಗುವಂತಿಲ್ಲ. ರೊಟ್ಟಿಯಂಗಡಿಯ ಫಿಲಿಬೆರ್‌ನ ಕೂಸು ಆಗಲೇ ಹೊಟ್ಟೆಯಲ್ಲಿತ್ತು.

ಫಿಲಿಬೆರ್ ಈ ಸಾಕ್ಷಿಯನ್ನು ಕೊಂಡಿದ್ದಾನೆಂಬುದು ಗಾರ್ನ್ಯೆಯವರ ಗುಮಾನಿ. ಅವರಿಗೋ ಆ ದಂಡಯಾತ್ರೆಯ ಹುಚ್ಚು. ಬದುಕಿ ಬಂದವರನ್ನೆಲ್ಲ ಕಾಡಿ ಬೇಡಿ ಅವರು ಕಂಡದ್ದನ್ನು ಬರೆದಿಟ್ಟುಕೊಂಡಿದ್ದರು.

"ಕುದುರೆ ಮಾಂಸಕ್ಕೆ ಉಪ್ಪು?"

"ಉಪ್ಪೆಲ್ಲಿ ಸ್ವಾಮಿ? ಬಂದೂಕಿನ ತೋಟಾ ಹರಿದು ಮದ್ದು ಉದುರಿಸ್ಕೊಂಡ್ವಿ. ನಾಲಿಗೆ ಕರ್ರಗಾಗೋದು."

ಸರಿಯಾಗಿತ್ತು. ಸೇತುವೆ ಮುರಿದದ್ದು, ಜನ ಒಬ್ಬರನ್ನೊಬ್ಬರು ತುಳಿದು ನದಿಗೆ ಬಿದ್ದದ್ದು, ಎಲ್ಲ ಹೇಳಿದ.

"ಆಂತೆಲ್ಮ್ ಅಲ್ಲೇ ಹೋದ," ಎಂದು ಕಿವಿಯ ಚಿನ್ನದ ಒಂಟಿಯೊಂದನ್ನು ಮೇಜಿನ ಮೇಲಿಟ್ಟ.

ಆ ಪಡೆಯವರೆಲ್ಲ ಒಂಟಿ ತೊಡುತ್ತಿದ್ದರು. ಸತ್ತರೆ, ಹೂಳಿದವನಿಗೆ ಅದೇ ಕೂಲಿ.

ಕ್ಲೊದಿನ್ ಬಿಕ್ಕಿದಳು. "ಅವರದೇ. ಹೊರಡೋ ಮುಂಚೆ ನಾನೇ ಎಡಗಿವಿ ಚುಚ್ಚಿದ್ದೆ. ಕೈ ನಡುಗಿ ಓರೆಯಾಯ್ತು ಅಂತ ಅದರ ಕೆಳಗೆ ಇನ್ನೊಂದು ಸಲ ಚುಚ್ಚಿದೆ. ನಗ್ತಾನೇ ಕೂತಿದ್ರು."

ಗಾರ್ನ್ಯೆ ಸಿಪಾಯಿಯತ್ತ ತಿರುಗಿದರು. "ನೀನೇ ಹೂಳಿದ್ಯಾ?"

"ಇಲ್ಲ ಸ್ವಾಮಿ. ನೆಲ ಕಲ್ಲಾಗಿತ್ತು."

"ಮತ್ತೆ ಕೂಲಿ ಯಾಕೋ ತಗೊಂಡೆ, ಕಳ್ಳ?"

"ಹೂಳೋಕ್ಕೇ ಬಂದಿದೀನಿ."

ನ್ಯಾಯಾಧೀಶರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. "ಸರಿ. ಟೋಪಿ ತೆಗೆದು ಪ್ರಮಾಣ ಮಾಡು."

ಸಿಪಾಯಿ ಮೊದಲ ಸಲ ಹೆದರಿದ. ಬಾಗಿಲತ್ತ ನೋಡಿದ. ಪಕ್ಕದಲ್ಲೇ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಕ್ಲೊದಿನ್‌ಳನ್ನು ನೋಡಿದ.

"ತೆಗಿ ಅಂದೆ!"

ನಿಧಾನವಾಗಿ ತೆಗೆದ.

ಕ್ಲೊದಿನ್ ಸರಕ್ಕನೆ ಅವನಿಗೂ ನ್ಯಾಯಾಧೀಶರಿಗೂ ನಡುವೆ ಬಂದು ನಿಂತಳು. ಅವಳ ಕಣ್ಣೆದುರಿಗಿದ್ದ ಅವನ ಎಡಗಿವಿಯಲ್ಲಿ, ಒಂದರ ಕೆಳಗೊಂದು, ಎರಡು ತೂತುಗಳಿದ್ದವು.