ಎರಡು ಸಾವಿರದ ಮೂರು ಎಳೆ

2024ರ ಅಕ್ಟೋಬರ್ 21ರಂದು ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿರುವ ಅವಿಭಾಜ್ಯ ಸಂಖ್ಯೆಯೊಂದು ಸಿಕ್ಕಿದ ಸುದ್ದಿ ಪ್ರಕಟವಾಯಿತು. ಅದನ್ನು ಓದುವಾಗ ಉಟ್ಟಿದ್ದ ಹೊಸ ಸೀರೆಯ ಗಂಜಿ ವಾಸನೆಗೆ ಬನಹಟ್ಟಿಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಏಳನೇ ತರಗತಿ. ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಅಪ್ಪ ಮತ್ತು ಅತ್ತೆ ಮುಂದಿನ ಸೀರೆಯ ಎಳೆಗಳನ್ನು ಸಮಪಾಲು ಮಾಡುವ ಲೆಕ್ಕದಲ್ಲಿದ್ದರು. ಎಷ್ಟರಿಂದ ಭಾಗಿಸಿದರೂ ಸಮಪಾಲಾಗದ ಸಂಖ್ಯೆಯೂ ಇರುತ್ತದೆ ಎಂದೆ. ಅತ್ತೆ ನಕ್ಕರು.

"ನೇಕಾರರ ಮನ್ಯಾಗ ಅಂಥಾದ್ದು ಇಲ್ಲ ಬಿಡಲೇ ಹುಡುಗಿ. ಇದ್ರ ಹೇಳು, ಕರೆಂಟ್ ಬಂದ ಕೂಡ್ಲೇ ಮಗ್ಗ ನೀನ ಚಾಲೂ ಮಾಡು."

ಮಕ್ಕಳು ಮಗ್ಗ ಮುಟ್ಟುವಂತಿರಲಿಲ್ಲ. "ಎರಡು ಸಾವಿರದ ಮೂರು" ಎಂದೆ.

ಅತ್ತೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಏಳರಿಂದ ಭಾಗಿಸಿದರು. ಒಂದು ಉಳಿಯಿತು. ಹನ್ನೊಂದರಿಂದ ಭಾಗಿಸಿದರೂ ಒಂದು, ಹದಿಮೂರರಿಂದಲೂ ಒಂದು.

"ದೆವ್ವ ಹೊಕ್ಕೈತೇನ ಇದಕ್ಕ?" ಎನ್ನುತ್ತ ನಲವತ್ತಮೂರರ ತನಕ ಹೋದರು.

"ಸಾಕ್ರೀ ಅತ್ತಿ. ನಲವತ್ತೈದಕ್ಕ ನಲವತ್ತೈದು ಗುಣಿಸಿದ್ರ ಇದನ್ನ ದಾಟತೈತಿ. ಮುಂದ ನೋಡೂದು ಬ್ಯಾಡ."

"ಏಳು ಪಾಲು ಮಾಡಿ, ಉಳಿದ ಒಂದೆಳಿ ಅಂಚಿಗೆ ಹಾಕೂದು. ಪಾಲು ಆತು!" ಎಂದರು ಅತ್ತೆ.

ಅಪ್ಪ ಎಳೆಗಳ ಲೆಕ್ಕದಿಂದ ತಲೆಯೆತ್ತಿದರು. "ಅಕ್ಕಾ, ಅಂಚಿಗೆ ಹಾಕಿದ್ರ ಅದು ಪಾಲು ಅಲ್ಲ. ಹುಡುಗಿ ಹೇಳಿದ್ದು ಖರೆ ಐತಿ."

ಕರೆಂಟ್ ಬಂತು. ಅತ್ತೆ ನನ್ನ ಜಡೆಯನ್ನು ಮೇಲೆತ್ತಿ ಬಿಗಿಯಾಗಿ ಕಟ್ಟಿ, ನನ್ನ ಕೈಯನ್ನು ಮಗ್ಗದ ಹಿಡಿಕೆಯ ಮೇಲಿಟ್ಟರು. ಎಳೆದೆ. ಲಾಳಿ ಓಡಿತು, ಕಾಲ ಕೆಳಗಿನ ನೆಲ ನಡುಗಿತು.

ಅತ್ತೆ ಕಳೆದ ವಾರ ಫೋನ್ ಮಾಡಿ, ಎರಡು ಸಾವಿರದ ಮೂರು ಐವತ್ತಮೂರರಿಂದಲೂ ಭಾಗ ಹೋಗಲಿಲ್ಲ ಎಂದರು.