ಕಾಲಿಲ್ಲದ್ದು

ನಿಡುಗಲ್ ಬೆಟ್ಟದ ಬುಡದಲ್ಲಿ ಆಡು ಮೇಯಿಸುತ್ತಿದ್ದ ನರಸಮ್ಮ ಬಂಡೆ ಸಂದಿಯ ಸಡಿಲ ಮಣ್ಣು ಕೆದಕಿದಳು. ಗೇಣುದ್ದದ್ದೊಂದು ಹೊರಳಿತು. ಮೈತುಂಬ ಕೆಮ್ಮಣ್ಣು. ಕಾಲಿಲ್ಲ. ಬರಿಗೈಯಲ್ಲೇ ಹಿಡಿದು ಡಬ್ಬಿಗೆ ಹಾಕುವಾಗ ಹೆಬ್ಬೆರಳ ಬುಡದಲ್ಲಿ ಸೂಜಿ ತಾಕಿದಂತಾಯಿತು, ಅಷ್ಟೇ. ಮುಚ್ಚಳ ಬಿಗಿದು ಶೃತಿಗೆ ಫೋನ್ ಮಾಡಿದಳು.

"ಸಿಕ್ಬುಡ್ತು ಕಣಮ್ಮ! ನೀವು ಹುಡುಕ್ತಿದ್ರಲ್ಲ, ಅದು!"

"ಕಾಲು?" ಪಾವಗಡದ ಬಾಡಿಗೆ ಕೋಣೆಯಲ್ಲಿ ಶೃತಿ ಎದ್ದು ನಿಂತಳು. "ಸರಿಯಾಗಿ ನೋಡಿದ್ರಾ? ದಾರದ ಎಳೆ ಥರಾನೂ ಇಲ್ವಾ?"

"ಒಂದೂ ಇಲ್ಲ. ಹಿಡಿಯಕ್ಕೋದ್ರೆ ಕಚ್ತು, ಮುಂಡೇದು."

"ಹಾವುರಾಣಿಗೆ ವಿಷ ಇಲ್ಲ ನರಸಮ್ಮ. ಸೋಪು ಹಾಕಿ ತೊಳ್ಕೊಳಿ, ಸಾಕು. ಮುಂದಿನ ಬಸ್ಸಿಗೇ ಬಂದೆ."

ಶೃತಿಯ ಸಂಶೋಧನೆ ಹಾವಿನಂತೆ ಕಾಣುವ ಹಲ್ಲಿ ಜಾತಿಯ ಹಾವುರಾಣಿಗಳ ಕಾಲಿನ ಮೇಲೆ. ಐದು ಬೆರಳಿನವು, ಮೂರು ಬೆರಳಿನವು, ಬರೀ ಮೊಟಕು ಉಳಿದವು. ಇವತ್ತು ಬದುಕಿರುವ ಇವನ್ನೆಲ್ಲ ಒಂದು ವಂಶವೃಕ್ಷದಲ್ಲಿ ಜೋಡಿಸಿ, ಮಣ್ಣೊಳಗೆ ಬದುಕಲು ಹೋದ ಇವುಗಳ ಪೂರ್ವಿಕ ಜೀವಿಗಳು ಕಾಲನ್ನು ಯಾವಾಗ, ಎಷ್ಟು ಸಲ, ಯಾವ ಹಂತಗಳಲ್ಲಿ ಕಳೆದುಕೊಂಡವೆಂದು ಹಿಂದಕ್ಕೆ ಲೆಕ್ಕ ಹಾಕುತ್ತಿದ್ದಳು. ಪೂರ್ತಿ ಕಾಲಿಲ್ಲದ್ದೊಂದು ಈ ಬೆಟ್ಟದಲ್ಲಿ ಇರಲೇಬೇಕೆಂದು ಆ ಲೆಕ್ಕ ಹೇಳುತ್ತಿತ್ತು. ಬಸ್ಸಿನಲ್ಲಿ ಕೂತು ಅದಕ್ಕೊಂದು ಹೆಸರು ಯೋಚಿಸಿದಳು. ನಿಡುಗಲ್ಲಿನ ಹೆಸರಿಡುವುದೋ, ನರಸಮ್ಮನದೋ.

ಮನೆಯ ಜಗಲಿಯಲ್ಲಿ ನರಸಮ್ಮ ಗೋಡೆಗೊರಗಿದ್ದಳು. ಗಂಡ ಚಿಕ್ಕನರಸಯ್ಯ ಡಬ್ಬಿಯನ್ನು ಜೋಪಾನವಾಗಿ ತಂದುಕೊಟ್ಟ. ಶೃತಿ ಮುಚ್ಚಳದ ತೂತಿನಿಂದ ನೀರು ಹನಿಸಿದಳು. ಮಣ್ಣು ಕರಗಿ ಕಪ್ಪು ಮೈ ಹೊಳೆಯಿತು. ಅದರ ಮೇಲೆ ಒಂದಾದ ಮೇಲೊಂದು ಬಿಳಿ ಪಟ್ಟೆ. ರೆಪ್ಪೆಯಿಲ್ಲದ ಕಣ್ಣು. ಕಟ್ಟುಹಾವಿನ ಮರಿ.

"ಇದೇ ತಾನೆ?" ನರಸಮ್ಮನ ಮಾತು ತೊದಲುತ್ತಿತ್ತು. "ಯಾಕೋ ಕಣ್ಣು ಬುಡಕ್ಕೇ ಆಗ್ತಿಲ್ಲ ಕಣಮ್ಮ. ನಿದ್ದೆ ಬಂದಂಗೆ..."

"ಅದು ಹಾವು! ಆಸ್ಪತ್ರೆಗೆ ಹೊರಡಿ, ಬೇಗ!"

"ಸೋಪು ಹಾಕೇ ತೊಳ್ದಿದ್ದೀನಿ," ಎಂದಳು ನರಸಮ್ಮ.

ಪಾವಗಡದ ಆಸ್ಪತ್ರೆಯಲ್ಲಿ ವಿಷಕ್ಕೆ ಔಷಧಿ ಏರಿಸಿದರು. ಆಗಲೇ ತಡವಾಗಿತ್ತು. ಉಸಿರು ಸಾಲುತ್ತಿಲ್ಲ, ತುಮಕೂರಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಮಿಡಿಗೇಶಿ ದಾಟುವಷ್ಟರಲ್ಲಿ ನರಸಮ್ಮನ ಎದೆ ಏರಿಳಿಯುವುದು ನಿಂತಿತು. ನರ್ಸ್ ಒತ್ತಿದಳು, ಒತ್ತೇ ಒತ್ತಿದಳು, ಕೊನೆಗೆ ಕೈ ತೆಗೆದಳು. ಚಾಲಕ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಸೈರನ್ ಆರಿಸಿದ.

"ನನ್ನಿಂದಲೇ ಆಯ್ತು," ಎಂದಳು ಶೃತಿ. "ನೋಡದೇನೇ ಫೋನಲ್ಲಿ ಹೇಳಿಬಿಟ್ಟೆ..."

ಚಿಕ್ಕನರಸಯ್ಯ ಹೆಂಡತಿಯ ಕೈ ಬಿಟ್ಟಿರಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಮೊದ್ಲೆಲ್ಲ ಇಂಥವು ಕಂಡ್ರೆ ಕಲ್ಲೆತ್ತಾಕಿ ಸಾಯಿಸ್ಬುಡೋಳು," ಎಂದ. "ಪಾಪ, ಅವೇನೂ ಮಾಡಲ್ಲ ಅಂತ ನೀವು ಹೇಳ್ಕೊಟ್ಟ ಮೇಲೇ ಬುಟ್ಟಿದ್ದು."