ಅವರೆಕಾಯಿ ಸುಲಿದ ಸಂಜೆ

ಪ್ರತಿ ಸಂಜೆ ಬಡಾವಣೆಯ ಜನ ನಮ್ಮ ಕೇಂದ್ರಕ್ಕೆ ಬಂದು, ಅಂದಿನ ನೆನಪನ್ನು ಎಡಿಟ್ ಮಾಡಿಸಿಕೊಂಡು ಹೋಗುತ್ತಾರೆ. ಕಾಯುವುದು, ಸುಮ್ಮನೆ ಕೂರುವುದು, ಇಂಥ ಸಪ್ಪೆ ಭಾಗಗಳನ್ನೆಲ್ಲ ನಾನು ಕತ್ತರಿಸಿ ತೆಗೆಯುತ್ತೇನೆ. ಲೋಟ ಎತ್ತುವಲ್ಲಿ ಕತ್ತರಿಸಿ, ಇಳಿಸುವಲ್ಲಿ ಸೇರಿಸಿದರೆ, ನಡುವೆ ಏನೋ ಹೋಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ, ಮನೆಗೆ ಹೊರಡುವ ಮುಂಚೆ, ನನ್ನ ದಿನವನ್ನೂ ನಾನೇ ಕತ್ತರಿಸಿಕೊಳ್ಳುತ್ತೇನೆ. ನನ್ನ ಕೈ ಬಲು ಚುರುಕು ಅಂತ ಜಂಬವೂ ಇತ್ತು.

ಹೋದ ವಾರ ಗಂಡನನ್ನು ಕಳೆದುಕೊಂಡ ಚೆನ್ನಾಜಮ್ಮ ಇವತ್ತು ಬಂದು ಎದುರು ಕೂತರು.

“ಅವರ ಜೊತೆ ಆಡಿದ ಜಗಳ ಎಲ್ಲಾ ನೆನಪಿದೆ ಕಣಪ್ಪಾ. ಮದುವೆ ನೆನಪಿದೆ, ಆಸ್ಪತ್ರೆ ನೆನಪಿದೆ. ಸುಮ್ನೆ ಜೊತೇಲಿ ಕೂತಿದ್ದೇ ಇಲ್ವಾ ನಾವು?”

ಕತ್ತರಿಸಿದ ತುಂಡುಗಳನ್ನು ನಾವು ಆಗಾಗ ಅಳಿಸಿಬಿಡುತ್ತೇವೆ. ಹುಡುಕಿದರೆ ಅಳಿಸದೆ ಉಳಿದದ್ದು ಒಂದೇ ಸಿಕ್ಕಿತು. ಪರದೆಯ ಮೇಲೆ ಹಾಕಿ ತೋರಿಸಿದೆ. ಹಿತ್ತಿಲಲ್ಲಿ ಯಜಮಾನರು ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಮಾತಿಲ್ಲ. ಸುಲಿದ ಕಾಳನ್ನು ಆಗಾಗ ಈಕೆಯ ಮೊರಕ್ಕೆ ಸರಿಸುತ್ತಾರೆ, ಅಷ್ಟೇ.

“ಇದರಲ್ಲಿ ಏನೂ ನಡೆಯಲ್ಲಮ್ಮ,” ಅಂದೆ. “ಎಷ್ಟು ಉಳಿಸಲಿ?”

“ಕಾಯಿ ಮುಗಿಯೋ ತನಕ ಇರ್ಲಿ.”

ಎಲ್ಲೂ ಕತ್ತರಿಸದೆ ಅವರ ನೆನಪಿಗೆ ಸೇರಿಸಿದೆ. ಚೆನ್ನಾಜಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದು, ಎದ್ದು ಹೋದರು.

ಎಂದಿನಂತೆ ಕೊನೆಗೆ ನನ್ನ ಸರದಿ ಬಂತು. ಕೈ ಯಾಕೋ ಏಳಲಿಲ್ಲ. ನಿನ್ನೆಯದನ್ನು ನೆನೆಸಿಕೊಂಡೆ. ಬೆಳಗ್ಗೆ ನನ್ನ ಹೆಂಡತಿ ವಾರಿಜ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು. ನಾನು ಲೋಟ ಎತ್ತಿದೆ.

ಆಮೇಲೆ ಲೋಟ ಇಳಿಸಿದೆ.